ಕಡಿದ ತಂತಿ, ನಿಲ್ಲದ ಸುದ್ದಿ: ವಿಲಿಯಂ ಓಶಾನೆಸ್ಸಿ ಎಂಬ ವೈದ್ಯನ ಸಾಹಸಗಾಥೆ

1858ರ ಮೇ ತಿಂಗಳ ಕೊನೆಯ ದಿನಗಳಲ್ಲಿ ಧಾರವಾಡ ಸೀಮೆಯ ಪೂರ್ವಭಾಗ ಹೊತ್ತಿ ಉರಿಯುತ್ತಿತ್ತು. ಮುಂಡರಗಿಯ ಭೀಮರಾಯರು ಡಂಬಳದ ಖಜಾನೆಗೆ ಲಗ್ಗೆ ಹಾಕಿ, ಆಗ ನಿಜಾಮರ ಸೀಮೆಗೆ ಸೇರಿದ್ದ ಕೊಪ್ಪಳದ ಕೋಟೆಯನ್ನು ಹೊಕ್ಕಿದ್ದರು. ದತ್ತಕದ ಹಕ್ಕನ್ನು ಕಳೆದುಕೊಂಡ ನರಗುಂದದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬರು, ಕಂಪನಿ ಸರ್ಕಾರದ ವಿರುದ್ಧ ಕತ್ತಿ ಹಿರಿದಿದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 1ರಂದು ಕೊಪ್ಪಳದಲ್ಲಿ ಭೀಮರಾಯರು ಹೋರಾಡುತ್ತಲೇ ಮಡಿದರು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಕೆಲವೇ ವಾರಗಳಲ್ಲಿ ಎಲ್ಲವೂ ಮುಗಿದುಹೋದ ಈ ಕಥೆಯನ್ನು ಗದಗ ಜಿಲ್ಲೆಯ ಮಕ್ಕಳು ಶಾಲೆಯಲ್ಲೇ ಕೇಳಿರುತ್ತಾರೆ. ಬಂಡಾಯವನ್ನು ಅಡಗಿಸಲು ಒಂದು ಕಡೆಯಿಂದ ಮುಂಬಯಿ ಆಧಿಪತ್ಯದ ಸೇನೆ ಬಂದರೆ, ಇನ್ನೊಂದು ಕಡೆಯಿಂದ ಮದರಾಸು ಆಧಿಪತ್ಯದ ಸೇನೆ ಬಂದಿತು. ನರಗುಂದ, ರೋಣಗಳ ಎರೆಭೂಮಿ, ಗಜೇಂದ್ರಗಡದ ಗುಡ್ಡಸಾಲು, ಅದರ ಸುತ್ತಲಿನ ರಾಜೂರದಂಥ ಹಳ್ಳಿಗಳು, ಇವೆಲ್ಲ ಈ ಎರಡು ಆಡಳಿತಗಳ ಮತ್ತು ನಿಜಾಮರ ರಾಜ್ಯದ ಅಂಚಿನಲ್ಲಿದ್ದ ಪ್ರದೇಶಗಳು. ಮಳೆ ಬಿದ್ದರೆ ಎರೆಯಲ್ಲಿ ಚಕ್ಕಡಿಯ ಗಾಲಿ ಹೂತುಹೋಗುತ್ತಿದ್ದ ಕಾಲವದು. ಅಂಥ ದಿನಗಳಲ್ಲಿ ಮುಂಬಯಿ ಮತ್ತು ಮದರಾಸುಗಳ ನಡುವೆ ಕುದುರೆಗಿಂತ ವೇಗವಾಗಿ ಓಡುತ್ತಿದ್ದ ವಸ್ತು ಒಂದೇ ಇತ್ತು. ಅದು ಪುಣೆಯಿಂದ ಹೊರಟು ಮುಂಬಯಿ ಕರ್ನಾಟಕದ ಬಯಲನ್ನು ದಾಟಿ, ಬಳ್ಳಾರಿ, ಬೆಂಗಳೂರುಗಳ ಮೂಲಕ ಮದರಾಸನ್ನು ಮುಟ್ಟುತ್ತಿದ್ದ ಕಬ್ಬಿಣದ ತಂತಿ.

ಆ ತಂತಿಯನ್ನು ಎಳೆಸಿದವರು ಎಂಜಿನಿಯರ್ ಆಗಿರಲಿಲ್ಲ. ಅವರು ವೃತ್ತಿಯಿಂದ ವೈದ್ಯರು. ಹೆಸರು ವಿಲಿಯಂ ಬ್ರೂಕ್ ಓಶಾನೆಸ್ಸಿ. ಭಾರತದ ತಂತಿ ಇಲಾಖೆಯ ಮೊದಲ ಮುಖ್ಯಸ್ಥರೆಂದು ಇತಿಹಾಸದ ಪುಸ್ತಕಗಳು ಅವರನ್ನು ಒಂದೆರಡು ಸಾಲುಗಳಲ್ಲಿ ನೆನೆಯುತ್ತವೆ. ವೈದ್ಯಶಾಸ್ತ್ರದ ಪುಸ್ತಕಗಳೂ ಬೇರೆ ಎರಡು ಕಾರಣಗಳಿಗಾಗಿ ಇದೇ ಹೆಸರನ್ನು ಉಲ್ಲೇಖಿಸುತ್ತವೆ. ಈ ಎರಡೂ ಹೆಸರುಗಳ ಹಿಂದಿರುವ ವ್ಯಕ್ತಿ ಒಬ್ಬನೇ ಎಂಬುದು ಎಷ್ಟೋ ಓದುಗರಿಗೆ ಹೊಳೆಯುವುದೇ ಇಲ್ಲ.

ಕಾಲರಾದಿಂದ ಕಲ್ಕತ್ತೆಗೆ

ಓಶಾನೆಸ್ಸಿ ಹುಟ್ಟಿದ್ದು 1809ರ ಅಕ್ಟೋಬರ್‌ನಲ್ಲಿ, ಐರ್ಲೆಂಡಿನ ಲಿಮರಿಕ್‌ನಲ್ಲಿ. ಎಡಿನ್‌ಬರೊ ವಿಶ್ವವಿದ್ಯಾಲಯದಿಂದ 1829ರಲ್ಲಿ ವೈದ್ಯ ಪದವಿ ಪಡೆದು ಲಂಡನ್ನಿಗೆ ಬಂದಾಗ, ಅಲ್ಲಿ ವೈದ್ಯವೃತ್ತಿ ನಡೆಸಲು ಪರವಾನಗಿ ಸಿಗಲಿಲ್ಲ. ರೋಗಿಗಳನ್ನು ನೋಡುವಂತಿಲ್ಲದ ವೈದ್ಯ ರಸಾಯನಶಾಸ್ತ್ರದತ್ತ ತಿರುಗಿ, ವಿಷ ಪರೀಕ್ಷೆಯ ಪ್ರಯೋಗಶಾಲೆಯನ್ನು ತೆರೆದರು. ಆ ನಿರಾಕರಣೆಯೇ ಮುಂದೆ ವರವಾಗಿ ಪರಿಣಮಿಸಿತು.

1831ರ ಕೊನೆಯಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಬಂದರಿಗೆ ಕಾಲರಾ ಕಾಲಿಟ್ಟಿತು. 22 ವರ್ಷದ ಓಶಾನೆಸ್ಸಿ ಅಲ್ಲಿಗೆ ಧಾವಿಸಿ ರೋಗಿಗಳ ರಕ್ತವನ್ನು ಪರೀಕ್ಷಿಸಿದರು. ರಕ್ತದಲ್ಲಿ ನೀರು, ಲವಣ ಮತ್ತು ಕ್ಷಾರದ ಅಂಶಗಳು ಕಡಿಮೆಯಾಗಿರುವುದನ್ನು ಕಂಡುಕೊಂಡು, ಕಳೆದುಹೋದದ್ದನ್ನು ರಕ್ತನಾಳದ ಮೂಲಕವೇ ತುಂಬಿಕೊಡಬಹುದು ಎಂದು ಸೂಚಿಸಿದರು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಟ್ಟಾ ಅದನ್ನು ರೋಗಿಗಳ ಮೇಲೆ ಪ್ರಯೋಗಿಸಿ, ಸಾವಿನಂಚಿನಲ್ಲಿದ್ದ ಕೆಲವರನ್ನು ಉಳಿಸಿಕೊಂಡರು. ಇಂದು ಯಾವ ಆಸ್ಪತ್ರೆಗೆ ಹೋದರೂ ಹಾಸಿಗೆಯ ಪಕ್ಕ ತೂಗುವ ಸಲೈನ್ ಬಾಟಲಿಯ ಮೂಲ ಇಲ್ಲಿದೆ. ವೈದ್ಯ ಸಮುದಾಯ ಮಾತ್ರ ಅದನ್ನು ದಶಕಗಳ ಕಾಲ ಮರೆತೇಬಿಟ್ಟಿತು.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ಸೇವೆಗೆ ಸೇರಿದ ಅವರು ಬಂಗಾಳಕ್ಕೆ ಬಂದರು. 1835ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜು ಆರಂಭವಾದಾಗ ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ನಾಡಿನ ಗಿಡಮೂಲಿಕೆಗಳ ಬಗ್ಗೆ ಪಂಡಿತರಿಂದಲೂ ಹಕೀಮರಿಂದಲೂ ಕೇಳಿ ತಿಳಿದುಕೊಂಡು, 1839ರಲ್ಲಿ ಭಂಗಿ ಸೊಪ್ಪಿನ ಔಷಧ ಗುಣಗಳ ಕುರಿತು ಪ್ರಬಂಧ ಬರೆದರು. ಪಶ್ಚಿಮದ ವೈದ್ಯಶಾಸ್ತ್ರಕ್ಕೆ ಆ ಸೊಪ್ಪು ಪರಿಚಯವಾದದ್ದು ಮುಖ್ಯವಾಗಿ ಈ ಬರಹದಿಂದ. ಒಬ್ಬ ಮನುಷ್ಯನ ಹೆಸರು ಉಳಿಯಲು ಇಷ್ಟೇ ಸಾಕಾಗಿತ್ತು. ಆದರೆ ಅದೇ ವರ್ಷ ಅವರು ಬೇರೊಂದು ಗೀಳಿಗೆ ಬಿದ್ದಿದ್ದರು.

ಬಿದಿರಿನ ಮೇಲೆ 21 ಮೈಲಿ

1839ರ ಬೇಸಿಗೆಯಲ್ಲಿ ಕಲ್ಕತ್ತೆಯ ಹೊರವಲಯದ ಸಸ್ಯೋದ್ಯಾನದಲ್ಲಿ ವಿಚಿತ್ರ ದೃಶ್ಯವೊಂದು ಕಾಣಿಸಿಕೊಂಡಿತು. ಸಾಲುಸಾಲಾಗಿ ನೆಟ್ಟ ಬಿದಿರಿನ ಗಳುಗಳ ಮೇಲೆ ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು, ಒಟ್ಟು 21 ಮೈಲಿ ಉದ್ದದ ಮಾರ್ಗವನ್ನು ನಿರ್ಮಿಸಲಾಗಿತ್ತು. ಉದ್ಯಾನದ ಮೇಲ್ವಿಚಾರಕರಾಗಿದ್ದ ಸಸ್ಯವಿಜ್ಞಾನಿ ವಾಲಿಚ್ ಇದಕ್ಕೆ ನೆರವಾಗಿದ್ದರು. ಒಂದು ತುದಿಯಲ್ಲಿ ವಿದ್ಯುತ್ ಹರಿಸಿದರೆ ಇನ್ನೊಂದು ತುದಿಯಲ್ಲಿ ಕುಳಿತವರ ಬೆರಳಿಗೆ ಸಣ್ಣ ಆಘಾತ ತಗಲುತ್ತಿತ್ತು. ಎರಡೂ ಕಡೆ ಒಂದೇ ವೇಳೆ ತೋರುವ ಗಡಿಯಾರಗಳಿದ್ದು, ಆಘಾತವಾದ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಎಂಬುದನ್ನು ನೋಡಿ ಅಕ್ಷರವನ್ನು ಗುರುತಿಸಬೇಕಿತ್ತು. ಅಮೆರಿಕದಲ್ಲಿ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರ್‌ಗೆ ಸಂದೇಶ ಕಳುಹಿಸಿ ಹೆಸರು ಗಳಿಸಿದ್ದು 1844ರಲ್ಲಿ. ಅದಕ್ಕಿಂತ ಐದು ವರ್ಷ ಮೊದಲೇ ಹೂಗ್ಲಿ ದಂಡೆಯಲ್ಲಿ ಬೆರಳತುದಿಯಿಂದ ಸುದ್ದಿ ಓದಲಾಗಿತ್ತು.

ತಂತಿ ಕೆಟ್ಟರೆ, ಕಡಿದರೆ, ಮುಳುಗಿದರೆ ಗತಿಯೇನು ಎಂಬ ಪ್ರಶ್ನೆ ಆ ಮೊದಲ ಪ್ರಯೋಗದಲ್ಲೇ ಅವರನ್ನು ಕಾಡಿತ್ತು. ಹರಿಯುವ ನದಿಯ ನೀರನ್ನೇ ವಿದ್ಯುತ್ ಮಂಡಲದ ಒಂದು ಭಾಗವಾಗಿ ಬಳಸಿ ನೋಡಿದರು. ಡಾಂಬರು ಬಳಿದ ನೂಲನ್ನು ತಂತಿಗೆ ಸುತ್ತಿ, ಸೀಳಿದ ಬೆತ್ತದಲ್ಲಿ ಹುದುಗಿಸಿ ನದಿಯ ತಳಕ್ಕೆ ಇಳಿಸಿದರು. ಅಂಗಡಿಯಲ್ಲಿ ಸಿಗದ ಸಾಮಗ್ರಿಯನ್ನು ನೆಲದ ಸಾಮಗ್ರಿಯಿಂದ ಸರಿದೂಗಿಸುವ ಈ ಜಾಣ್ಮೆ ಅವರ ಬದುಕಿನುದ್ದಕ್ಕೂ ಕಾಣಿಸುತ್ತದೆ.

ಸರ್ಕಾರಕ್ಕೆ ಮಾತ್ರ ಆಸಕ್ತಿ ಹುಟ್ಟಲಿಲ್ಲ. ಓಶಾನೆಸ್ಸಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದರು. 1843ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಹಿಂದಿರುಗಿದ ಮೇಲೆ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷೆಯ ಕೆಲಸ ನೋಡಿಕೊಂಡರು. ಹತ್ತು ವರ್ಷಗಳ ಕಾಲ ಬಿದಿರಿನ ತಂತಿ ನೆನಪಾಗಿಯೇ ಉಳಿಯಿತು.

ಲಾರ್ಡ್ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದ ಬಳಿಕ ಚಿತ್ರ ಬದಲಾಯಿತು. ದೇಶೀಯ ಸಂಸ್ಥಾನಗಳನ್ನು ಒಂದೊಂದಾಗಿ ನುಂಗುತ್ತಿದ್ದ ಆಡಳಿತಗಾರನಿಗೆ ದೂರದ ಸುದ್ದಿ ಬೇಗ ತಿಳಿಯುವುದು ಅಗತ್ಯವಾಗಿತ್ತು. ನರಗುಂದಕ್ಕೆ ದತ್ತಕವನ್ನು ನಿರಾಕರಿಸಿದ ನೀತಿಗೂ ತಂತಿಯ ಜಾಲಕ್ಕೂ ಆಸರೆಯಾದದ್ದು ಒಂದೇ ಆಡಳಿತ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. 1850ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್ ಕಡೆಗೆ ಪ್ರಯೋಗಾರ್ಥ ಮಾರ್ಗಕ್ಕೆ ಒಪ್ಪಿಗೆ ದೊರೆಯಿತು. 1851ರಲ್ಲಿ ಅದು ಕೆಲಸ ಆರಂಭಿಸಿತು.

ಆ ಮಾರ್ಗದ ಕೆಲವು ಭಾಗವನ್ನು ನೆಲದಡಿಯಲ್ಲಿ ಹಾಕಿದ ಬಗೆ ಸ್ವಾರಸ್ಯಕರವಾಗಿದೆ. ಕಬ್ಬಿಣದ ಸರಳಿಗೆ ಡಾಂಬರಿನಲ್ಲಿ ಅದ್ದಿದ ಮದರಾಸು ಬಟ್ಟೆಯನ್ನು ಎರಡು ಸುತ್ತು ಸುತ್ತಿ, ಮನೆಯ ಸೂರಿನ ಹೆಂಚುಗಳ ಸಾಲಿನಲ್ಲಿ ಇರಿಸಿ, ಮರಳು ಮತ್ತು ರಾಳದ ಕಾಯಿಸಿದ ಮಿಶ್ರಣವನ್ನು ಸುರಿಯಲಾಯಿತು. ನದಿ ದಾಟುವಲ್ಲಿ ಹಡಗುಗಳ ಲಂಗರು ತಗಲಿ ತಂತಿ ಹರಿಯುವ ಭಯವಿತ್ತು. ಅದಕ್ಕಾಗಿ ತಂತಿಯನ್ನು ದಪ್ಪ ಕಬ್ಬಿಣದ ಸರಪಳಿಯ ಕೊಂಡಿಗಳ ಸಂದಿಯಲ್ಲಿ ಅಡಗಿಸಿ ತಳಕ್ಕೆ ಬಿಟ್ಟರು. ಲಂಗರು ಬಿದ್ದರೂ ಪೆಟ್ಟು ಸರಪಳಿಗೆ; ತಂತಿ ಕ್ಷೇಮ.

ಈ ಕೆಲಸದಲ್ಲಿ ಅವರ ಬಲಗೈಯಾಗಿದ್ದವರು ಟಂಕಸಾಲೆಯಿಂದ ಬಂದ ಶಿಬಚಂದ್ರ ನಂದಿ. ಭಾರತದ ತಂತಿ ಇಲಾಖೆಯ ಮೊದಲ ಭಾರತೀಯ ಅಧಿಕಾರಿಯೆಂದು ಅವರನ್ನು ಗುರುತಿಸುತ್ತಾರೆ. ಮುಂದೆ ಪದ್ಮಾ ನದಿಯಲ್ಲಿ ತಂತಿ ಇಳಿಸಬೇಕಾದಾಗ ನಂದಿ ಮೀನುಗಾರರ ದೋಣಿಗಳನ್ನು ಬಾಡಿಗೆಗೆ ಹಿಡಿದು, ದೊಡ್ಡ ಖರ್ಚಿಲ್ಲದೆ ಕೆಲಸ ಮುಗಿಸಿದರು. ಓಶಾನೆಸ್ಸಿಯವರಿಗೆ ದೊರೆತ ಕೀರ್ತಿಯಲ್ಲಿ ಅವರ ಪಾಲು ಸಣ್ಣದಲ್ಲ.

ಕಪಿ, ಗೆದ್ದಲು ಮತ್ತು ಕಲ್ಲುಕಂಬ

1852ರಲ್ಲಿ ಕಂಪನಿಯ ನಿರ್ದೇಶಕರು ದೇಶವ್ಯಾಪಿ ಜಾಲಕ್ಕೆ ಅನುಮತಿ ನೀಡಿದರು. 1853ರ ನವೆಂಬರ್‌ನಲ್ಲಿ ಕಲ್ಕತ್ತೆಯಿಂದ ಕೆಲಸ ಆರಂಭವಾಯಿತು. 1854ರ ಮಾರ್ಚ್ 24ರಂದು 800 ಮೈಲಿ ದೂರದ ಆಗ್ರಾಕ್ಕೆ ಮೊದಲ ಸಂದೇಶ ಹೋಯಿತು. ಐದು ತಿಂಗಳೂ ತುಂಬಿರಲಿಲ್ಲ. 1855ರ ಫೆಬ್ರುವರಿ 1ರಂದು ಸಾರ್ವಜನಿಕರಿಗೆ ಸೇವೆ ತೆರೆಯುವಾಗ 3,000 ಮೈಲಿಗೂ ಹೆಚ್ಚು ಉದ್ದದ ಮಾರ್ಗ ಸಿದ್ಧವಾಗಿತ್ತು. ಹದಿನಾರು ಪದಗಳ ಸಂದೇಶಕ್ಕೆ ಪ್ರತಿ 400 ಮೈಲಿಗೆ ಒಂದು ರೂಪಾಯಿ ದರವಿತ್ತು. ಸಾಮಾನ್ಯನಿಗೆ ಅದು ಎಟುಕುವ ಬೆಲೆಯಲ್ಲ. ವರ್ತಕರು ಮತ್ತು ಸರ್ಕಾರವೇ ಮುಖ್ಯ ಗಿರಾಕಿಗಳು.

ಯೂರೋಪಿನಲ್ಲಿ ಸಣ್ಣ ತಂತಿಯನ್ನು ಬಳಸುತ್ತಿದ್ದರೆ ಓಶಾನೆಸ್ಸಿ ಆರಿಸಿಕೊಂಡದ್ದು ಎಂಟರಲ್ಲಿ ಮೂರು ಪಾಲು ಅಂಗುಲ ದಪ್ಪದ ಕಬ್ಬಿಣದ ಸರಳು. ಮೈಲಿಗೆ ಒಂದು ಟನ್ನಿನ ಸಮೀಪದ ತೂಕ. ಇದನ್ನು ನೋಡಿ ನಕ್ಕವರೂ ಇದ್ದರು. ಆದರೆ ಅವರ ಲೆಕ್ಕಾಚಾರ ಬೇರೆಯಾಗಿತ್ತು. ಇಲ್ಲಿ ಕಪಿಗಳು ತಂತಿಯ ಮೇಲೆ ಜೋತುಬೀಳುತ್ತವೆ, ಹದ್ದುಗಳ ಹಿಂಡು ಕೂರುತ್ತದೆ, ಆನೆ ಮೈ ಉಜ್ಜುತ್ತದೆ, ಬಿರುಗಾಳಿ ಕಂಬವನ್ನೇ ಉರುಳಿಸುತ್ತದೆ. ಕಂಬ ಬಿದ್ದರೂ ತಂತಿ ತುಂಡಾಗಬಾರದು. ನೆಲಕ್ಕೆ ತಾಗಿದ ಸರಳಿನಲ್ಲೂ ಒಂದಿಷ್ಟು ವಿದ್ಯುತ್ತು ಹರಿದು ಮುಂದಿನ ಕಚೇರಿಯ ಸೂಜಿಯನ್ನು ಅಲುಗಿಸಬೇಕು. ದುರಸ್ತಿಯ ಆಳು ದಿನಗಟ್ಟಲೆ ನಡೆದು ಬರುವವರೆಗೆ ಸುದ್ದಿ ಹೇಗೋ ದಾಟುತ್ತಿರಬೇಕು ಎಂಬುದು ಅವರ ಹಟ.

ಕಚೇರಿಯೊಳಗಿನ ಯಂತ್ರದಲ್ಲೂ ಇದೇ ವಿವೇಚನೆ ಕಾಣುತ್ತದೆ. ಸೂಜಿಯೊಂದು ಎಡಬಲಕ್ಕೆ ಓಲಾಡುವ ಸರಳ ಉಪಕರಣವನ್ನು ಅವರೇ ರೂಪಿಸಿ, ಕಲ್ಕತ್ತೆಯ ಕುಶಲಕರ್ಮಿಗಳಿಂದಲೇ ಮಾಡಿಸಿದರು. ಬೆಲೆ ಅಗ್ಗ, ಕೆಟ್ಟರೆ ಬದಲಿಸುವುದು ಸುಲಭ. ಅದರ ದೋಷವೆಂದರೆ ಸಂದೇಶದ ದಾಖಲೆ ಉಳಿಯುತ್ತಿರಲಿಲ್ಲ. ಸಿಗ್ನಲರ್ ಕಣ್ಣು ಮಿಟುಕಿಸಿದರೆ ಅಕ್ಷರ ಹೋಯಿತೆಂದೇ ಲೆಕ್ಕ. 1856ರಲ್ಲಿ ಸರ್ ಪದವಿ ಪಡೆದ ಅವರು ಯೂರೋಪಿಗೆ ಹೋಗಿ, ಕಾಗದದ ಪಟ್ಟಿಯ ಮೇಲೆ ಗುರುತು ಮೂಡಿಸುವ ಮೋರ್ಸ್ ಯಂತ್ರಗಳನ್ನು ತರುವ ವ್ಯವಸ್ಥೆ ಮಾಡಿದರು. ತಮ್ಮ ಸ್ವಂತ ಉಪಕರಣವನ್ನು ತಾವೇ ಕೈಬಿಟ್ಟು ಇನ್ನೊಬ್ಬರದನ್ನು ಒಪ್ಪಿಕೊಳ್ಳುವ ಸಂಶೋಧಕರು ವಿರಳ.

ದಕ್ಷಿಣದ ಮಾರ್ಗದ ಕಥೆ ಕನ್ನಡಿಗರಿಗೆ ಹತ್ತಿರದ್ದು. ಉತ್ತರದಲ್ಲಿ ಬಿದಿರು, ಸಾಲ ಮುಂತಾದ ಮರಗಳ ಕಂಬ ಸಿಗುತ್ತಿದ್ದವು. ದಖ್ಖನ್ನಿನ ಬಯಲಿನಲ್ಲಿ ಉದ್ದನೆಯ ಮರ ದುರ್ಲಭ. ನೆಟ್ಟ ಮರಕ್ಕೂ ಗೆದ್ದಲು ಹಿಡಿಯುತ್ತಿತ್ತು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕಂಬ ನೆಟ್ಟಗೆ ನಿಲ್ಲುವುದೂ ಕಷ್ಟ ಎಂಬುದು ಆ ಸೀಮೆಯ ಯಾವ ರೈತನಿಗಾದರೂ ಗೊತ್ತು. ಬೆಂಗಳೂರು, ಮದರಾಸುಗಳ ಕಡೆ ಇದಕ್ಕೆ ಸಿಕ್ಕ ಪರಿಹಾರ ಗ್ರಾನೈಟ್ ಕಲ್ಲಿನ ಕಂಬ. ಹೊಲದ ಬೇಲಿಗೂ ಕಲ್ಲುಕಂಬವನ್ನೇ ನೆಡುವ ಮೈಸೂರು ಸೀಮೆಯಲ್ಲಿ ಕಲ್ಲುಕುಟಿಗರಿಗೆ ಕೊರತೆ ಇರಲಿಲ್ಲ. ಗೆದ್ದಲು ಮುಟ್ಟದ, ಕೊಳೆಯದ ಕಂಬಗಳು ತಂತಿಯನ್ನು ಹೊತ್ತು ನಿಂತವು.

ಒಂದೇ ಎಳೆಯ ಜಾಲ

ಇಷ್ಟೆಲ್ಲ ಎಚ್ಚರ ವಹಿಸಿದ ಜಾಲದಲ್ಲಿ ಒಂದು ದೊಡ್ಡ ಕೊರತೆ ಉಳಿದಿತ್ತು. ಭೂಪಟವನ್ನು ಮುಂದಿಟ್ಟುಕೊಂಡರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ತಂತಿ ಕಲ್ಕತ್ತೆಯಿಂದ ಆಗ್ರಾಕ್ಕೆ, ಅಲ್ಲಿಂದ ಒಂದು ಕವಲು ದೆಹಲಿ, ಲಾಹೋರ್‌ಗಳ ಕಡೆಗೆ. ಇನ್ನೊಂದು ಇಂದೂರಿನ ಮೂಲಕ ಮುಂಬಯಿಗೆ. ಮುಂಬಯಿಯಿಂದ ಪುಣೆ, ಬಳ್ಳಾರಿ, ಬೆಂಗಳೂರು, ಮದರಾಸು. ಕಲ್ಕತ್ತೆಗೂ ಮದರಾಸಿಗೂ ನೇರ ತಂತಿ ಇರಲಿಲ್ಲ. ಬಂಗಾಳ ಕೊಲ್ಲಿಯ ಒಂದೇ ದಡದಲ್ಲಿರುವ ಎರಡು ನಗರಗಳು ಮಾತನಾಡಬೇಕಾದರೆ ಸುದ್ದಿ ಇಡೀ ದೇಶವನ್ನು ಮೂರು ಬದಿಯಿಂದ ಸುತ್ತಬೇಕಿತ್ತು. ನಡುವೆ ಎಲ್ಲಿ ಕಡಿದರೂ ಜಾಲ ಎರಡು ಹೋಳು.

ಇಂದಿನ ದೂರಸಂಪರ್ಕ ಎಂಜಿನಿಯರ್‌ಗೆ ಈ ಸಮಸ್ಯೆಯನ್ನು ವಿವರಿಸಬೇಕಾಗಿಯೇ ಇಲ್ಲ. ಬೆಂಗಳೂರಿನ ದತ್ತಾಂಶ ಕೇಂದ್ರಗಳಲ್ಲಿ ಒಂದು ಸ್ವಿಚ್ ಕೆಟ್ಟರೆ ಪಕ್ಕದಲ್ಲಿ ಸಿದ್ಧವಾಗಿರುವ ಇನ್ನೊಂದು ಸ್ವಿಚ್ ಕ್ಷಣಮಾತ್ರದಲ್ಲಿ ಹೊಣೆ ಹೊರುತ್ತದೆ. ದೊಡ್ಡ ರೂಟರ್‌ಗಳಲ್ಲಿ ದಾರಿ ನಿರ್ಧರಿಸುವ ಮಿದುಳು ಬೇರೆ, ದತ್ತಾಂಶವನ್ನು ಮುಂದಕ್ಕೆ ತಳ್ಳುವ ಕೈ ಬೇರೆ. ಮಿದುಳು ಕೈಕೊಟ್ಟರೂ, ಹೊಸ ಮಿದುಳು ಎಚ್ಚರಗೊಳ್ಳುವವರೆಗೆ ಕೈ ಹಳೆಯ ದಾರಿಪಟ್ಟಿಯನ್ನೇ ನೋಡಿಕೊಂಡು ಕೆಲಸ ಮುಂದುವರಿಸುತ್ತದೆ; ನೆರೆಯ ರೂಟರ್‌ಗಳೂ ಅವಸರಪಟ್ಟು ಅದನ್ನು ಸತ್ತಿತೆಂದು ಘೋಷಿಸದೆ ತುಸು ಕಾಯುತ್ತವೆ. ಬ್ಯಾಂಕಿನ ಕೌಂಟರಿನಲ್ಲಿ ನಿಂತ ಗ್ರಾಹಕನಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಇದಕ್ಕೆಲ್ಲ ಒಂದು ಷರತ್ತಿದೆ. ಎರಡನೆಯ ಯಂತ್ರವೂ ಎರಡನೆಯ ದಾರಿಯೂ ಮೊದಲೇ ಇರಬೇಕು. ಕಡಿದ ಮೇಲೆ ಹುಡುಕುವುದಕ್ಕೆ ಹೊರಟರೆ ತಡವಾಗುತ್ತದೆ.

1857ರಲ್ಲಿ ಹಾಗೆಯೇ ತಡವಾಯಿತು. ಮೇ 10ರ ಸಂಜೆ ಮೀರಠ್‌ನಲ್ಲಿ ಸಿಪಾಯಿಗಳು ಬಂಡೆದ್ದರು. ಅಂದಿನಿಂದಲೇ ದೆಹಲಿ ಮತ್ತು ಮೀರಠ್‌ಗಳ ನಡುವಿನ ತಂತಿ ಮೌನವಾಗಿತ್ತು. ಮರುದಿನ ಬೆಳಿಗ್ಗೆ ದೆಹಲಿಯ ತಂತಿ ಕಚೇರಿಯ ಮುಖ್ಯಸ್ಥ ಟಾಡ್, ಯಮುನೆಯ ಬಳಿ ಕೇಬಲ್ ಕೆಟ್ಟಿರಬಹುದೆಂದು ಪರೀಕ್ಷಿಸಲು ಹೊರಟವನು ಹಿಂದಿರುಗಲಿಲ್ಲ. ತಂತಿ ಕೆಟ್ಟದ್ದಕ್ಕೆ ಕಾರಣ ಹುಡುಕಹೊರಟವನಿಗೆ ಆ ಕಾರಣವೇ ದಾರಿಯಲ್ಲಿ ಎದುರಾಗಿತ್ತು. ಕಚೇರಿಯಲ್ಲಿ ಉಳಿದಿದ್ದ ಬ್ರೆಂಡಿಶ್ ಮತ್ತು ಪಿಲ್ಕಿಂಗ್ಟನ್ ಎಂಬ ಇಬ್ಬರು ಹುಡುಗರು ಇನ್ನೂ ಜೀವಂತವಾಗಿದ್ದ ಅಂಬಾಲಾ ಕಡೆಯ ತಂತಿಯಲ್ಲಿ ಸುದ್ದಿ ಕಳುಹಿಸಿ ಅಲ್ಲಿಂದ ಪಾರಾದರು. ಆ ಸುದ್ದಿ ಲಾಹೋರ್ ತಲುಪಿದ್ದರಿಂದ ಪಂಜಾಬಿನ ಸಿಪಾಯಿಗಳನ್ನು ನಿಶ್ಶಸ್ತ್ರಗೊಳಿಸಲು ಬ್ರಿಟಿಷರಿಗೆ ಅವಕಾಶ ಸಿಕ್ಕಿತು. ದೆಹಲಿಯಿಂದ ಎರಡು ದಿಕ್ಕಿಗೆ ತಂತಿ ಇದ್ದುದರ ಫಲವಿದು.

ಆಗ್ರಾದಿಂದ ಕೆಳಗೆ ಅಂಥ ಅನುಕೂಲವಿರಲಿಲ್ಲ. ಕೆಲವೇ ವಾರಗಳಲ್ಲಿ ಕಲ್ಕತ್ತೆಯ ಕಡೆಯ ತಂತಿ ಹರಿಯಿತು, ಮುಂಬಯಿ ಕಡೆಯದೂ ಹರಿಯಿತು. ನೂರಾರು ಮೈಲಿಗಳ ಮಾರ್ಗ ನೆಲಸಮವಾಯಿತು. ಬಂಡಾಯಗಾರರು ಕಂಬಗಳನ್ನು ಸೌದೆ ಮಾಡಿಕೊಂಡರು. ಓಶಾನೆಸ್ಸಿ ಕಪಿಗಳ ಭಾರಕ್ಕೂ ಬಗ್ಗಬಾರದೆಂದು ಆರಿಸಿದ್ದ ದಪ್ಪ ಸರಳನ್ನು ತುಂಡರಿಸಿ ಬಂದೂಕಿಗೆ ಗುಂಡು ಮಾಡಿಕೊಂಡರು. ಸಣ್ಣ ತಂತಿಯಾಗಿದ್ದರೆ ಅಷ್ಟು ಒಳ್ಳೆಯ ಗುಂಡು ಆಗುತ್ತಿರಲಿಲ್ಲ!

ಅಳಿದುಳಿದ ಜಾಲ ಕುಂಟುತ್ತಲೇ ಕೆಲಸ ಮಾಡಿತು. ಆ ಕಾಲದಲ್ಲಿ ಪ್ರತಿ ದೊಡ್ಡ ಕಚೇರಿಯಲ್ಲೂ ಸಂದೇಶವನ್ನು ಇಳಿಸಿಕೊಂಡು, ಕಾಗದದಲ್ಲಿ ಬರೆದು, ಮುಂದಿನ ಕಚೇರಿಗೆ ಮತ್ತೆ ಬಡಿಯುತ್ತಿದ್ದರು. ಹಾಗಾಗಿ ಮುಂದಿನ ತಂತಿ ಸತ್ತಿದ್ದರೆ ಬರೆದ ಕಾಗದವನ್ನು ಅಂಚೆಯವನ ಕೈಗೆ ಕೊಟ್ಟು, ಕಡಿದ ಭಾಗವನ್ನು ಕುದುರೆಯ ಮೇಲೆ ದಾಟಿಸಿ, ಆಚೆಯ ಕಚೇರಿಯಿಂದ ಮತ್ತೆ ತಂತಿಗೆ ಏರಿಸಬಹುದಿತ್ತು. ಅರ್ಧ ವಿದ್ಯುತ್ತು, ಅರ್ಧ ಗೊರಸು. ದಕ್ಷಿಣದ ಮುಂಬಯಿ–ಮದರಾಸು ಮಾರ್ಗ ಮಾತ್ರ ಬಹುಮಟ್ಟಿಗೆ ಉಳಿದುಕೊಂಡಿತು. ಮುಂಬಯಿಯ ಸುದ್ದಿ ಕನ್ನಡ ನಾಡಿನ ಬಯಲನ್ನು ದಾಟಿ ಮದರಾಸು ಸೇರಿ, ಅಲ್ಲಿಂದ ಹಡಗು ಹತ್ತಿ ಕಲ್ಕತ್ತೆಗೆ ಹೋಗಬಹುದಾಗಿತ್ತು. ದೇಶದ ಎರಡು ತುದಿಗಳ ನಡುವೆ ಉಳಿದ ಬದಲಿ ದಾರಿ ಅದೊಂದೇ. 1858ರ ಬೇಸಿಗೆಯಲ್ಲಿ ನರಗುಂದ, ಡಂಬಳ, ಕೊಪ್ಪಳಗಳು ಸಿಡಿದೆದ್ದಾಗ ಬ್ರಿಟಿಷ್ ಆಡಳಿತ ಅಷ್ಟು ಗಾಬರಿಯಾದದ್ದಕ್ಕೆ ಬೇರೆ ಕಾರಣಗಳೂ ಇದ್ದವು ನಿಜ. ಆದರೆ ಎರಡು ಆಧಿಪತ್ಯಗಳ ನಡುವಿನ ಸುದ್ದಿಯ ದಾರಿಯೂ ಇದೇ ಸೀಮೆಯಲ್ಲಿತ್ತು ಎಂಬುದನ್ನು ನರಗುಂದದ ಇತಿಹಾಸ ಹೇಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ದಂಗೆ ಭುಗಿಲೆದ್ದಾಗ ಓಶಾನೆಸ್ಸಿ ಭಾರತದಲ್ಲಿರಲಿಲ್ಲ. ಇಲಾಖೆಯನ್ನು ಹಂಗಾಮಿಯಾಗಿ ನೋಡಿಕೊಳ್ಳುತ್ತಿದ್ದವರು ಪ್ಯಾಟ್ರಿಕ್ ಸ್ಟುವರ್ಟ್ ಎಂಬ ತರುಣ ಸೇನಾಧಿಕಾರಿ. ಲಖನೌ ಕಡೆಗೆ ಸಾಗಿದ ಸೇನೆಯ ಬೆನ್ನಿಗೇ ತಾತ್ಕಾಲಿಕ ತಂತಿಯನ್ನು ಎಳೆಯುತ್ತ ಹೋದ ಸ್ಟುವರ್ಟ್, ಮುಂದೆ ಪರ್ಷಿಯನ್ ಕೊಲ್ಲಿಯ ಕೇಬಲ್ ಕೆಲಸವನ್ನೂ ನಡೆಸಿ 1865ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ತಂತಿಯೇ ಸಾಮ್ರಾಜ್ಯವನ್ನು ಉಳಿಸಿತು ಎಂಬ ಹೊಗಳಿಕೆ ಬ್ರಿಟಿಷ್ ವಲಯಗಳಲ್ಲಿ ಆಮೇಲೆ ಹಬ್ಬಿತು. ಅದರಲ್ಲಿ ಅತಿಶಯೋಕ್ತಿ ಇದೆ. ತಂತಿ ಬೇಕಾದ ಕಡೆಗಳಲ್ಲೆಲ್ಲ ಅದು ಮೊದಲ ವಾರಗಳಲ್ಲೇ ಸತ್ತಿತ್ತು. ಬದುಕಿದ್ದ ಕಡೆ ಅದರ ಲಾಭ ಸಿಕ್ಕಿತು, ಅಷ್ಟೇ.

ಕೂಡಿದ ಸುತ್ತು

ಹಿಂದಿರುಗಿ ಬಂದ ಓಶಾನೆಸ್ಸಿಗೆ ಎದುರಾದದ್ದು ಎರಡು ಬಗೆಯ ಕೆಲಸ. ಹಾಳಾದದ್ದನ್ನು ಮತ್ತೆ ಕಟ್ಟುವುದು ಒಂದು. ಕಲ್ಕತ್ತೆ–ಮದರಾಸುಗಳ ನಡುವೆ ಪೂರ್ವ ಕರಾವಳಿಯಗುಂಟ ಹೊಸ ಮಾರ್ಗ ಎಳೆದು ತೆರೆದಿದ್ದ ಸುತ್ತನ್ನು ಮುಚ್ಚುವುದು ಇನ್ನೊಂದು. ದಂಗೆಯ ನಂತರದ ಒಂದೆರಡು ವರ್ಷಗಳಲ್ಲಿ ಅದು ಪೂರ್ಣಗೊಂಡಿತು. ಆಗ್ರಾದ ಬಳಿ ತಂತಿ ಕಡಿದರೆ ಕಲ್ಕತ್ತೆಯ ಸುದ್ದಿ ಇನ್ನು ಮದರಾಸು, ಬೆಂಗಳೂರು, ಬಳ್ಳಾರಿಗಳ ಮೂಲಕ ಮುಂಬಯಿಗೆ ಹೋಗಬಹುದಿತ್ತು. ಬಳ್ಳಾರಿಯ ಬಳಿ ಕಡಿದರೆ ಆಗ್ರಾದ ಸುತ್ತು ಇತ್ತು. ಅಲ್ಲಿಯವರೆಗೆ ಎಳೆಯಾಗಿದ್ದದ್ದು ಬಳೆಯಾಯಿತು.

ಅವರ ಕೆಲಸದಲ್ಲಿ ಹುಳುಕುಗಳೂ ಇದ್ದವು. ಅವಸರದಲ್ಲಿ ನೆಟ್ಟ ಎಷ್ಟೋ ಕಂಬಗಳು ಬೇಗ ಕೊಳೆತವು. ಮೊದಲ ಮಾರ್ಗಗಳಲ್ಲಿ ವಿದ್ಯುತ್ ನೆಲಕ್ಕೆ ಸೋರದಂತೆ ತಡೆಯುವ ಏರ್ಪಾಡು ಅರೆಬರೆಯಾಗಿತ್ತು. ಮಳೆಗಾಲದಲ್ಲಿ ಸಂದೇಶಗಳು ತಡವರಿಸುತ್ತಿದ್ದವು, ಅಕ್ಷರ ತಪ್ಪುತ್ತಿತ್ತು. ಬಹುಭಾಗವನ್ನು ನಂತರದವರು ಹೊಸದಾಗಿಯೇ ಕಟ್ಟಬೇಕಾಯಿತು. ಮೊದಲು ಮುಟ್ಟಿಸೋಣ, ಆಮೇಲೆ ಗಟ್ಟಿ ಮಾಡೋಣ ಎಂಬುದು ಅವರ ದಾರಿಯಾಗಿತ್ತು. 1854ರಲ್ಲಿ ಐದು ತಿಂಗಳಲ್ಲಿ ಆಗ್ರಾ ಮುಟ್ಟದೆ ಪ್ರತಿ ಕಂಬವನ್ನೂ ತಿದ್ದುತ್ತ ಕುಳಿತಿದ್ದರೆ ಸರ್ಕಾರದ ಉತ್ಸಾಹ 1839ರಂತೆಯೇ ತಣ್ಣಗಾಗುತ್ತಿತ್ತೇನೋ. ಆದರೆ ಎರಡನೆಯ ದಾರಿಯನ್ನು ಮೊದಲೇ ಎಳೆಯದ ಆಡಳಿತದ ಜಿಪುಣತನಕ್ಕೆ ಈ ಸಮರ್ಥನೆ ಸಲ್ಲದು.

1860ರ ಹೊತ್ತಿಗೆ ಓಶಾನೆಸ್ಸಿ ಭಾರತವನ್ನು ಬಿಟ್ಟರು, ಮತ್ತೆ ಬರಲಿಲ್ಲ. 1861ರಲ್ಲಿ ಮನೆತನದ ಹೆಸರನ್ನೇ ಬದಲಿಸಿಕೊಂಡು ವಿಲಿಯಂ ಓಶಾನೆಸ್ಸಿ ಬ್ರೂಕ್ ಆದರು. ವೈದ್ಯರಾಗಿ ಬರೆದವರೂ ತಂತಿ ಎಳೆದವರೂ ಬೇರೆ ಬೇರೆಯವರೆಂದು ಓದುಗರು ಭ್ರಮಿ್‌ಸಲು ಈ ಹೆಸರಿನ ಬದಲಾವಣೆಯೂ ಒಂದು ಕಾರಣ. ಅನಂತರದ ಸುಮಾರು 28 ವರ್ಷಗಳಲ್ಲಿ ವಿಜ್ಞಾನ ಲೋಕದಲ್ಲಾಗಲೀ ಸಾರ್ವಜನಿಕ ಜೀವನದಲ್ಲಾಗಲೀ ಅವರ ಸದ್ದು ಕೇಳಿಬರಲಿಲ್ಲ. 1889ರ ಜನವರಿ 8ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೌತ್‌ಸೀಯಲ್ಲಿ ತೀರಿಕೊಂಡಾಗ ಅವರಿಗೆ 79 ವರ್ಷ.

ಅವರು ಕಟ್ಟಿದ ಇಲಾಖೆಯ ತಂತಿ ಸೇವೆ ಸಾವು, ಮದುವೆ, ವರ್ಗಾವಣೆ, ಸೇನೆಯ ಕರೆ, ಎಲ್ಲವನ್ನೂ ಹೊತ್ತು ಹಳ್ಳಿಹಳ್ಳಿಯ ಅಂಚೆ ಕಚೇರಿಗಳಿಗೆ ಹಬ್ಬಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ತಂತಿ ಬಂತು ಎಂದರೆ ಓದುವ ಮೊದಲೇ ಹೆಂಗಸರು ಅಳುತ್ತಿದ್ದ ಕಾಲವೊಂದಿತ್ತು. 2013ರ ಜುಲೈ ಮಧ್ಯದಲ್ಲಿ ದೇಶದ ತಂತಿ ಸೇವೆ ನಿಂತಿತು.